ಬರೆಯದೆ ಬಿಟ್ಟ ಜೇನು

ನನ್ನ ಅತ್ತೆ ಶಿವಬಸವ್ವನಿಗೆ ಓದಲು ಬರೆಯಲು ಬರುತ್ತಿರಲಿಲ್ಲ. ಅದಕ್ಕಾಗಿ ಆಕೆ ನಾಚಿದ್ದನ್ನು ನಾನಂತೂ ನೋಡಿಲ್ಲ. ಮರೆಯುವವರು ಬರೆದಿಟ್ಟುಕೊಳ್ಳುತ್ತಾರೆ, ತನಗೆ ಮರೆವಿಲ್ಲ ಎಂಬುದು ಆಕೆಯ ವಾದ. ನಾನೋ ಏಳನೆಯ ಇಯತ್ತೆ ಪಾಸಾದವಳು. ಎಪ್ಪತ್ನಾಲ್ಕರಲ್ಲಿ ವಡಗಾವಿಯ ಆ ಮನೆಗೆ ಸೊಸೆಯಾಗಿ ಬಂದಾಗಿನಿಂದಲೂ ನಮ್ಮದು ಎಣ್ಣೆ ಸೀಗೆಕಾಯಿ ಸಂಬಂಧ. ಓಣಿಯವರಿಗೆ ಅದರಿಂದ ಬಿಟ್ಟಿ ಮನರಂಜನೆ ಸಿಗುತ್ತಿತ್ತು.

ಆಕೆ ಕೆಮ್ಮಿನ ಲೇಹ್ಯ ಮಾಡಿ ಮಾರುತ್ತಿದ್ದಳು. ನಮ್ಮ ಓಣಿಯಲ್ಲಿ ಕೆಮ್ಮಿಗೇನೂ ಬರಗಾಲವಿರಲಿಲ್ಲ. ಮನೆಮನೆಯಲ್ಲೂ ಮಗ್ಗ, ಮಗ್ಗದಿಂದ ಹಾರುವ ನೂಲಿನ ಧೂಳು, ಅದರ ಮೇಲೆ ಬೆಳಗಾವಿಯ ಮಳೆ. ಆಕೆಯ ತವರು ಖಾನಾಪುರದ ಆಚೆ, ಕಾಡಿಗೆ ಹತ್ತಿಕೊಂಡ ಹಳ್ಳಿ. ಅಣ್ಣ ದುಂಡಪ್ಪ ಅಲ್ಲಿಂದ ಆಡುಸೋಗೆ ಸೊಪ್ಪು, ಹಿಪ್ಪಲಿ, ಒಂದು ಡಬ್ಬಿ ಕಾಡಿನ ಜೇನು ತಂದುಕೊಡುತ್ತಿದ್ದ. ಸೊಪ್ಪಿನ ರಸಕ್ಕೆ ಬೆಲ್ಲ, ಒಣಶುಂಠಿ, ಹಿಪ್ಪಲಿ ಹಾಕಿ ಕುದಿಸಿ, ಗಟ್ಟಿಯಾಗಿ ತಣ್ಣಗಾದ ಮೇಲೆ ಅತ್ತೆ ಜೇನು ಸುರಿಯುತ್ತಿದ್ದಳು. ಸುರಿಯುವ ಮೊದಲು ಹಣೆಗೆ ವಿಭೂತಿ ಹಚ್ಚಿಕೊಳ್ಳುತ್ತಿದ್ದಳು. ಗುಡಿಯಲ್ಲಿ ಲಿಂಗಕ್ಕೆ ಎರೆಯುವ ಪದಾರ್ಥ ಅದು. ಆಕೆಯ ಪ್ರಕಾರ ಜಗತ್ತಿನಲ್ಲಿ ಜೇನಿಗಿಂತ ಶುದ್ಧವಾದದ್ದು ಇನ್ನೊಂದಿಲ್ಲ. ಕಹಿಯೂ ಖಾರವೂ ಆಗಿದ್ದ ಆ ಲೇಹ್ಯದಲ್ಲಿ ಜೇನಿದೆ ಎಂದು ನಾಲಿಗೆಗೆ ತಿಳಿಯುತ್ತಲೂ ಇರಲಿಲ್ಲ.

ಅದನ್ನು ತುಂಬುತ್ತಿದ್ದುದು ಸಿಕ್ಕ ಸಿಕ್ಕ ಬಾಟಲಿಗಳಲ್ಲಿ. ಉಪ್ಪಿನಕಾಯಿಯದು, ಮುಲಾಮಿನದು, ಮಂದಿ ಮನೆಯಿಂದ ತೊಳೆದು ತಂದದ್ದು. ಯಾವುದರ ಮೇಲೂ ಒಂದಕ್ಷರವಿಲ್ಲ. ನಾಲ್ಕಕ್ಷರ ಕಲಿತ ನನಗೆ ಅದು ಸರಿ ಕಾಣುತ್ತಿರಲಿಲ್ಲ.

"ಅತ್ತಿ, ಒಂದೊಂದ ಚೀಟಿ ಬರದು ಅಂಟಸೂಣ್ರಿ. ಯಾರು ಮಾಡಿದ್ದು, ಏನೇನ ಹಾಕಿದ್ದು ಅಂತ," ಎಂದೆ ಒಂದು ದಿನ.

"ಕೂಸಿನ ಹಣಿ ಮ್ಯಾಲ ಹೆಸರ ಬರೀತಿಯೇನ ಕಾಂತಾ? ಯಾರ ಕೂಸು ಅನ್ನೂದು ಓಣಿಗೆಲ್ಲಾ ಗೊತ್ತಿರತೈತಿ."

"ಓಣಿ ದಾಟಿ ಹೋದ್ರ?"

"ಹೋದಲ್ಲೆ ಕೇಳ್ತಾರ. ಬಾಯಿಲ್ಲೇನು ಮಂದಿಗೆ?"

ಮಂದಿಗೆ ಬಾಯಿ ಇತ್ತು. ಆದರೆ ಕೇಳಬೇಕು ಎಂದು ಹೊಳೆಯದ್ದನ್ನು ಯಾರು ತಾನೇ ಕೇಳುತ್ತಾರೆ? ಇದು ನಮಗೆ ತಡವಾಗಿ ತಿಳಿಯಿತು.

ಓಣಿ ದಾಟಿ ಬಂದವರಲ್ಲಿ ಹೀರಾಬಾಯಿ ಮೊದಲಿಗರು. ಶಹಾಪುರದ ಹಳೆಯ ಜೈನ ಮನೆತನದ ವಿಧವೆ, ಅತ್ತೆಗಿಂತ ಬಹಳ ದೊಡ್ಡವರು. ಸೋಸದ ನೀರು ಕುಡಿಯದವರು, ಹೊತ್ತು ಮುಳುಗಿದ ಮೇಲೆ ಹನಿ ಔಷಧವನ್ನೂ ಮುಟ್ಟದವರು. ಅವರದು ದಮ್ಮಿನ ಕೆಮ್ಮು. ಗಿಡ್ಡ ಗಿಡ್ಡದಾಗಿ ಶುರುವಾಗಿ ಕೊನೆಗೆ ಉದ್ದಕ್ಕೆ ಎಳೆಯುತ್ತಿತ್ತು. ಓಣಿಯ ತುದಿಯಲ್ಲಿ ಅದು ಕೇಳಿಸಿದರೆ ಸಾಕು, ಅತ್ತೆ ಎದ್ದು ಮಣೆ ಹಾಕುತ್ತಿದ್ದಳು. ಮೊದಲ ಸಲ ಬಂದಾಗ ಅವರು ಒಲೆಯ ಮುಂದೆ ಕುಳಿತೇ ವಿಚಾರಿಸಿದ್ದರು.

"ಉಳ್ಳಾಗಡ್ಡಿ, ಬಳ್ಳೊಳ್ಳಿ ಇಲ್ಲ ಹೌದಲ್ಲೊ?"

"ಲೇಹ್ಯದಾಗ ಬಳ್ಳೊಳ್ಳಿ ಯಾರ ಹಾಕ್ತಾರ್ರಿ ಅಕ್ಕಾರ?" ಎಂದು ಅತ್ತೆ ನಕ್ಕಳು.

"ಹಸಿ ಶುಂಠಿ?"

"ಒಣಾದ ರೀ."

ಒಲೆಯ ಬಾಜು ಬೆಲ್ಲದ ಪೆಂಟೆ ಇತ್ತು. ಹೀರಾಬಾಯಿ ಅದನ್ನು ನೋಡಿ ಸಮಾಧಾನದಿಂದ ತಲೆದೂಗಿದರು. ಜೇನಿನ ಡಬ್ಬಿ ಒಳಗೆ ದೇವರ ಮುಂದಿತ್ತು. ಜೈನರು ಬೆಳ್ಳುಳ್ಳಿ, ಬಟಾಟೆ ತಿನ್ನುವುದಿಲ್ಲ ಎಂಬುದಷ್ಟೇ ನಮ್ಮ ಮನೆಯಲ್ಲಿ ಗೊತ್ತಿದ್ದ ಸಂಗತಿ. ಆ ದಿನ ಅಲ್ಲಿ ಯಾರೂ ಒಂದು ಸುಳ್ಳೂ ಹೇಳಲಿಲ್ಲ.

ಹೀರಾಬಾಯಿಗೆ ಲೇಹ್ಯ ಹಿಡಿಸಿತು. ಅವರು ತೆಗೆದುಕೊಳ್ಳುತ್ತಾರೆಂದರೆ ಮುಗಿಯಿತು, ಅಷ್ಟು ಕಡಕ್ ಹೆಂಗಸು ವಿಚಾರಿಸದೆ ತೆಗೆದುಕೊಂಡಾರೆಯೇ ಎಂದು ಅವರ ಪೈಕಿಯ ಮನೆಗಳೆಲ್ಲ ತರಿಸಿಕೊಳ್ಳತೊಡಗಿದವು. ಅವರ ನಾಲಿಗೆಯೇ ನಮ್ಮ ಬಾಟಲಿಗೆ ಚೀಟಿಯಾಯಿತು. ಅತ್ತೆ ನನ್ನ ಕಡೆ ನೋಡಿ ಹುಬ್ಬು ಹಾರಿಸುತ್ತಿದ್ದಳು, ನಾನು ಪಾತ್ರೆ ಕುಕ್ಕುತ್ತಿದ್ದೆ.

ಎಪ್ಪತ್ತೊಂಬತ್ತರ ಮಳೆಗಾಲದಲ್ಲಿ ಹೀರಾಬಾಯಿ ಹಾಸಿಗೆ ಹಿಡಿದರು. ಅತ್ತೆ ದಿನಾ ಸಂಜೆ ಶಹಾಪುರಕ್ಕೆ ಹೋಗಿ, ಹೊತ್ತು ಮುಳುಗುವ ಮೊದಲು ತನ್ನ ಕೈಯಾರೆ ಅವರಿಗೆ ಒಂದು ಚಮಚ ಲೇಹ್ಯ ಕೊಟ್ಟು ಬರುತ್ತಿದ್ದಳು. ಅಷ್ಟು ಹೊತ್ತಿಗೆ ಅವರಿಬ್ಬರೂ ಒಡಹುಟ್ಟಿದವರಂತೆ ಆಗಿದ್ದರು. ಮುಂದಿನದನ್ನು ಅತ್ತೆ ನನಗೆ ಹೇಳಿದ್ದು ಒಂದು ವರ್ಷದ ಮೇಲೆ. ಆದರೆ ನಾನು ಅದು ನಡೆದಂತೆಯೇ ಹೇಳುತ್ತೇನೆ.

ಒಂದು ಸಂಜೆ ಚಮಚ ಕೊಟ್ಟಾದ ಮೇಲೆ ಹೀರಾಬಾಯಿ ಅತ್ತೆಯ ಕೈ ಹಿಡಿದುಕೊಂಡರು.

"ಹೋಗೂಮುಂದ ನನಗ ಒಂದ ಸಮಾಧಾನ ಐತಿ ನೋಡ ಶಿವಬಸವ್ವಾ. ಹುಟ್ಟಿದಾಗಿಂದ ಮೂರಕ್ಕ ಬಾಯಿ ಹಚ್ಚಿಲ್ಲ. ಸೆರಿ, ಖಂಡ, ಜೇನು."

"ಜೇನೇನ ಮಾಡೇತ್ರಿ ಅಕ್ಕಾರ?"

"ಎಷ್ಟ ಜೀವ ಹಿಂಡಿ ತಗದಿರತಾರ ಅದನ್ನ. ನಮಗ ಅದಕ್ಕೂ ಖಂಡಕ್ಕೂ ಫರಕ್ ಇಲ್ಲ. ಮೊದಲ ಪ್ಯಾಟಿ ಲೇಹ್ಯ ತರಸಿದ್ದೆ. ನನ್ನ ಮಗ ಪಾರೀಸ ಓದಿ ಹೇಳಿದ, ಬಾಟ್ಲಿ ಮ್ಯಾಲ ಜೇನು ಅಂತ ಬರದೈತಿ ಅಂತ. ಅದನ್ನ ಚೆಲ್ಲಿಸಿ ನಿನ್ನ ಕಡೆ ಬಂದೆ. ನಿಂದರ ಮ್ಯಾಲ ಹಂಗೇನೂ ಬರದಿರಲಿಲ್ಲ."

ಅತ್ತೆ ಮನೆಗೆ ಬಂದವಳು ಊಟ ಮಾಡಲಿಲ್ಲ. ಮರುದಿನ ಬೆಳಗಾಗುತ್ತಲೇ ಒಲೆ ಹಚ್ಚಿ ಬರಿ ಬೆಲ್ಲದಲ್ಲಿ ಲೇಹ್ಯ ಕುದಿಸಿದಳು. ಜೇನು ಹಾಕುವುದಿಲ್ಲವೇ ಎಂದು ಕೇಳಿದರೆ "ತೀರೈತಿ" ಎಂದಳು. ಡಬ್ಬಿ ತುಂಬಿದ್ದನ್ನು ನಾನು ಆಗತಾನೇ ನೋಡಿದ್ದೆ. ಮುಪ್ಪು ತಲೆಗೇರಿತು ಎಂದುಕೊಂಡು ಸುಮ್ಮನಾದೆ.

ಸಂಜೆ ಹೊಸ ಲೇಹ್ಯದ ಚಮಚ ಬಾಯಿಗೆ ಹೋಗುತ್ತಲೇ ಹೀರಾಬಾಯಿ ಮುಖ ತಿರುಗಿಸಿದರು. "ಇದು ನಿಂದಲ್ಲ" ಎಂದರು. ಕೆಮ್ಮು ಶುರುವಾಯಿತು, ನಿಲ್ಲಲಿಲ್ಲ. ಅವರ ಸೊಸೆ ಜಿನಮತಿ ಬೆನ್ನು ನೀವುತ್ತಿದ್ದಳು. ಹೊರಗೆ ಬೆಳಕು ಕಡಿಮೆಯಾಗುತ್ತಿತ್ತು. ಹೊತ್ತು ಮುಳುಗಿತೆಂದರೆ ಮರುದಿನದ ತನಕ ಅವರ ಬಾಯಿಗೆ ಏನೂ ಹೋಗುವಂತಿಲ್ಲ.

"ಮೊದಲಿನದ ಕೊಡ ಶಿವಬಸವ್ವಾ. ಹೊತ್ತ ಮುಳಗತೈತಿ," ಎಂದರು ಹೀರಾಬಾಯಿ ಕೆಮ್ಮಿನ ನಡುವೆ.

ಜಿನಮತಿ ಗೋಡೆಯ ಮಾಡದಿಂದ ಹಳೆಯ ಬಾಟಲಿ ತೆಗೆದು ಅತ್ತೆಯ ಕೈಗೆ ಕೊಟ್ಟಳು. ಹೇಳಿದರೆ ಆ ಜೀವಕ್ಕೆ ಉಳಿದಿದ್ದ ಒಂದೇ ಸಮಾಧಾನವನ್ನು ಕಿತ್ತುಕೊಂಡಂತೆ. ಹೇಳದೆ ಕೊಟ್ಟರೆ ಗೊತ್ತಿದ್ದೂ ಅವರ ಬಾಯಿಗೆ ಖಂಡ ಇಟ್ಟಂತೆ. ಅತ್ತೆ ಚಮಚ ತುಂಬಿ ಕೊಟ್ಟಳು. ಹೀರಾಬಾಯಿ ಚಪ್ಪರಿಸಿ, "ಹಾಂ, ಇದ ನೋಡ," ಎಂದರು. ಮರುದಿನ ಬೆಳಗಿನ ಜಾವ ಅವರು ಹೋದ ಸುದ್ದಿ ಬಂತು.

ಮುಂದಿನ ಮಳೆಗಾಲ ಹಿಡಿಯುವ ತನಕ ನಮ್ಮ ಮನೆಯಲ್ಲಿ ಏನೂ ಆಗಲಿಲ್ಲ. ಆಮೇಲೆ ಒಂದು ದಿನ ದೀಪ ಹಚ್ಚುವ ಹೊತ್ತಿಗೆ ಅತ್ತೆ ಎದ್ದು ಬಾಗಿಲಲ್ಲಿ ಮಣೆ ಹಾಕಿದಳು.

"ಯಾರ ಬಂದ್ರು ಅತ್ತಿ?"

"ಕೇಳಸವಲ್ದೇನ? ಹೀರಾಬಾಯಾರು."

ಇಂಥ ಮಾತಿಗೆ ಬೈಯುವುದು ನನಗೆ ಗೊತ್ತಿತ್ತು, ಬೈದೆ. ಮರುದಿನವೂ ಆಕೆ ಮಣೆ ಹಾಕಿದಳು. ಅದರ ಮರುದಿನವೂ ಹಾಕಿದಳು. ಒಂದು ಸಂಜೆ ಕರೆಂಟು ಹೋಗಿ ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಆ ಸದ್ದಿಲ್ಲದ ಹೊತ್ತಿನಲ್ಲಿ ನಾನು ಅಕ್ಕಿ ಆರಿಸುತ್ತ ಕುಳಿತಿದ್ದೆ. ಓಣಿಯ ತುದಿಯಿಂದ ಕೆಮ್ಮು ಬಂತು. ಗಿಡ್ಡ ಗಿಡ್ಡದಾಗಿ, ಕೊನೆಗೆ ಉದ್ದಕ್ಕೆ. ಎದ್ದು ಹೋಗಿ ಇಣುಕಿದೆ. ಮಳೆ ಬಿಟ್ಟರೆ ಓಣಿಯಲ್ಲಿ ಯಾರೂ ಇರಲಿಲ್ಲ. ನನಗೆ ದೆವ್ವ ಭೂತದಲ್ಲಿ ನಂಬಿಕೆಯಿಲ್ಲ, ಆದರೆ ಅವತ್ತು ಬಾಗಿಲು ಹಾಕಿ ಚಿಲಕ ಜಡಿದವಳು ನಾನೇ.

ಅತ್ತೆ ಜೈನರ ಮನೆಯವರು ಬಂದರೆ "ತೀರೈತಿ" ಎಂದು ವಾಪಸು ಕಳಿಸತೊಡಗಿದಳು. ಬಾಟಲಿಗಳು ಎದುರಿಗೇ ಸಾಲಾಗಿ ಕಾಣುತ್ತಿದ್ದವು. ಹೀರಾಬಾಯಿ ಹೋದದ್ದೇ ತಡ, ಈಕೆಗೆ ನಾವು ಬೇಡವಾದೆವು ಎಂದು ಅವರು ಆಡಿಕೊಂಡರು. ಅವರ ಮಾತಿನಲ್ಲಿ ತಪ್ಪೇನಿತ್ತು? ಕೊನೆಗೆ ಆಕೆ ಯಾರಿಗೂ ಹೇಳದೆ ಬಸ್ಸು ಹತ್ತಿ ತವರಿಗೆ ಹೊರಟುಹೋದಳು. ವಾರ ಕಳೆದರೂ ಬಾರದಿದ್ದಾಗ ಕರೆತರಲು ನಾನೇ ಹೋದೆ.

ಖಾನಾಪುರದ ಕಡೆಯ ಮಳೆ ನಮ್ಮ ಕಡೆಯಂತಲ್ಲ, ಶುರುವಾದರೆ ಎದುರಿನ ಮನೆಯೂ ಕಾಣುವುದಿಲ್ಲ. ಅತ್ತೆ ಪಡಸಾಲೆಯ ಮೂಲೆಯಲ್ಲಿ ಮಣೆಯೊಂದನ್ನು ಎದುರಿಗಿಟ್ಟುಕೊಂಡು ಕುಳಿತಿದ್ದಳು.

"ಇಲ್ಲಿಗೂ ಬರಾಕತ್ತೈತಂತ ಆ ಕೆಮ್ಮು," ಎಂದ ದುಂಡಪ್ಪಮಾವ ನನ್ನನ್ನು ನೋಡಿ. ತಂಗಿ ಆತನಿಗೆ ಎಲ್ಲ ಹೇಳಿದ್ದಳು. "ಲಿಂಗಕ್ಕ ಎರಿಯೂ ಜೇನು, ಅದರಾಗ ಎಂಥಾ ಪಾಪ? ನೀನರ ಆಕಿಗೆ ಬುದ್ಧಿ ಹೇಳವ್ವಾ."

"ನಮಗ ಅದು ಪೂಜಿ ಅಣ್ಣಾ. ಅವರಿಗೆ ಖಂಡ," ಎಂದಳು ಅತ್ತೆ. "ಎರಡೂ ಖರೇನ."

ಆಗ ಆಕೆ ನನಗೂ ಎಲ್ಲವನ್ನೂ ಹೇಳಿದಳು. ನಾನು ಆಗಲೇ ಹೇಳಿದ್ದೆ ಎನ್ನುವ ಅವಕಾಶಕ್ಕಾಗಿ ಐದಾರು ವರ್ಷ ಕಾದಿದ್ದವಳು ನಾನು. ಅದು ಕೈಗೆ ಬಂದಾಗ ಬೇಡವಾಯಿತು. ಆ ಮುದುಕಿಯ ಮೇಲೆ ನನಗೆ ಅಷ್ಟು ಕನಿಕರ ಎಂದೂ ಬಂದಿರಲಿಲ್ಲ.

"ಇನ್ನರ ಚೀಟಿ ಬರಿಯೂಣ್ರಿ ಅತ್ತಿ," ಎಂದೆ ಮೆಲ್ಲಗೆ.

"ಬರದ್ರ, ಮೊದಲೂ ಇತ್ತು ಅನ್ನೂದು ತಿಳೀತೈತಿ."

"ತಿಳೀತೈತಿ."

"ಇಷ್ಟ ವರ್ಷ ತಿಂದವರಿಗೆಲ್ಲಾ."

"ಹೌದ್ರಿ."

ಆಕೆ ಎದುರಿಗಿದ್ದ ಮಣೆಯನ್ನು ಬದಿಗೆ ಸರಿಸಿದಳು. "ಬರಿ," ಎಂದಳು ಆಮೇಲೆ. "ಜೇನು ಎಲ್ಲಕ್ಕಿಂತ ಮೊದಲ ಬರಿ."

ವಡಗಾವಿಗೆ ಬಂದು ಬರೆದೆ. ಮೇಲೆ ಜೇನು, ಕೆಳಗೆ ಆಡುಸೋಗೆ, ಬೆಲ್ಲ, ಒಣಶುಂಠಿ, ಹಿಪ್ಪಲಿ, ಕೊನೆಗೆ ಮಾಡಿದವಳ ಹೆಸರು ಮತ್ತು ಓಣಿ. ಕನ್ನಡ ಓದದವರಿಗೆ ಬಾಜುವಿನಲ್ಲಿ ಮರಾಠಿಯಲ್ಲೂ ಬರೆದೆ. ಗೋಧಿಹಿಟ್ಟಿನ ಅಂಟು ಕುದಿಸಿ ಹಚ್ಚಿದೆವು. ಜೇನು ಎಂಬುದು ಯಾವುದು ಎಂದು ಅತ್ತೆ ಪ್ರತಿ ಚೀಟಿಯ ಮೇಲೂ ಬೆರಳಿಟ್ಟು ಕೇಳಿ ಖಾತ್ರಿ ಮಾಡಿಕೊಂಡಳು. ಮೊದಲ ಬಾಟಲಿಯನ್ನು ಬೇರೆ ಯಾರಿಗೂ ಕೊಡದೆ ಶಹಾಪುರಕ್ಕೆ, ಜಿನಮತಿಯ ಮನೆಗೆ ನನ್ನ ಕೈಯಲ್ಲಿ ಕಳಿಸಿದಳು. ನಾನು ಅದನ್ನು ಕೊಟ್ಟು, ಮಾತಾಡದೆ ಬಂದುಬಿಟ್ಟೆ.

ಮರುದಿನ ಜಿನಮತಿ ಬಾಟಲಿ ಹಿಡಿದುಕೊಂಡೇ ಬಂದಳು. ಅತ್ತೆ ಎದ್ದು ನಿಂತಳು, ಮಣೆ ಹಾಕಲಿಲ್ಲ.

"ಇದನ್ನ ಈಗ ಹೊಸದಾಗಿ ಹಾಕಾಕತ್ತೀರೋ, ಮೊದಲಿಂದ ಇತ್ತೋ?" ಎಂದಳು ಜಿನಮತಿ.

"ಮೊದಲಿಂದ."

"ನಮ್ಮ ಅತ್ತಿಯಾರಿಗೆ ಗೊತ್ತಿತ್ತೇನ್ರಿ?"

"ಇಲ್ಲ."

"ಅವರು ತಗೋಬಾರದು ಅನ್ನೂದು ನಿಮಗ?"

"ಅವರ ಹೋಗೂ ಎರಡ ದಿನ ಮೊದಲ ತಿಳೀತು. ಅವರ ಬಾಯಿಂದನ."

ಜಿನಮತಿ ಲೆಕ್ಕ ಹಾಕುತ್ತಿದ್ದಾಳೆಂದು ನನಗೆ ತಿಳಿಯಿತು. "ಅಂದ್ರ, ಆ ಕಡೀ ಚಮಚಾ?"

"ತಿಳದ ಕೊಟ್ಟೆ, ನನ್ನವ್ವಾ."

ಆಕೆ ಕೂಗಾಡುತ್ತಾಳೆ ಎಂದುಕೊಂಡಿದ್ದೆ. ಆಕೆಯ ಜಾಗದಲ್ಲಿ ನಾನಿದ್ದರೆ ಓಣಿಯನ್ನೇ ಕೂಡಿಸುತ್ತಿದ್ದೆ. ಜಿನಮತಿ ಹೊಸ್ತಿಲ ಹತ್ತಿರ ಕುಳಿತಳು. ಬಾಟಲಿಯನ್ನು ಮಡಿಲಲ್ಲಿಟ್ಟುಕೊಂಡು ಚೀಟಿಯನ್ನೇ ನೋಡುತ್ತ ಮಾತಾಡಿದಳು.

"ನಾವೆಲ್ಲಾರೂ ತಿಂದೀವಿ, ಅದಿರಲಿ. ಗ್ವಾಡಿ ಮಾಡದಾಗಿಂದ ಆ ಬಾಟ್ಲಿ ತಗದು ಕೊಟ್ಟಾಕಿ ನಾನ. ಆ ಇಡೀ ಮಳಿಗಾಲದಾಗ ನಮ್ಮ ಅತ್ತಿ ಕಣ್ಣ ತುಂಬ ನಿದ್ದಿ ಮಾಡಿದ್ದು ಅದೊಂದ ರಾತ್ರಿ. ಒಮ್ಮೆನೂ ಕೆಮ್ಮಲಿಲ್ಲ. ನಿದ್ದ್ಯಾಗನ ಹೋದರು. ವ್ರತ ಹಿಡದ ಜೀವಕ್ಕ ಸುಖದ ಸಾವು ಬಂತು ಅಂತ ವರ್ಷಾತು ಮಂದಿ ಮುಂದ ಹೇಳಕೋತ ಬಂದೀನಿ. ಇನ್ನ ಏನಂತ ಹೇಳಲ್ರಿ ನಾನು?"

ಜಿನಮತಿ ಉತ್ತರಕ್ಕಾಗಿ ನಿಜವಾಗಿಯೂ ಕಾದಳು. ಆಮೇಲೆ ಬಾಟಲಿಯನ್ನು ಅಲ್ಲೇ ಹೊಸ್ತಿಲ ಮೇಲಿಟ್ಟು ಎದ್ದು ಹೋದಳು.

ಅತ್ತೆ ಎಂಬತ್ತೇಳರಲ್ಲಿ ತೀರಿಕೊಂಡಳು. ಅಲ್ಲಿಯ ತನಕ ನಮ್ಮ ಮನೆಯಿಂದ ಚೀಟಿ ಇಲ್ಲದ ಒಂದು ಬಾಟಲಿಯೂ ಹೊರಗೆ ಹೋಗಲಿಲ್ಲ, ಓಣಿಯ ತುದಿಯಲ್ಲಿ ಆ ಕೆಮ್ಮೂ ಮತ್ತೆ ಕೇಳಿಸಲಿಲ್ಲ. ಪ್ರತಿ ಮಳೆಗಾಲದಲ್ಲೂ ಅಂಟು ಹಚ್ಚುತ್ತ ಕುಳಿತಾಗ ಆಕೆ ಕೈ ನಿಲ್ಲಿಸಿ ನನ್ನನ್ನು ಕೇಳುತ್ತಿದ್ದಳು, "ಕಾಂತಾ, ಆ ಹುಡಿಗಿಗೆ ನಾ ಏನ ಹೇಳಬೇಕಿತ್ತು?" ಆ ಹುಡುಗಿಗೆ ಹೇಳುವಂಥದ್ದು ಏನೂ ಉಳಿದಿರಲಿಲ್ಲ. ಹೇಳಬೇಕಾಗಿದ್ದುದು ಒಂದೇ ಮಾತು, ಇದರಲ್ಲಿ ಜೇನಿದೆ ಎಂದು, ಮೊದಲ ದಿನ, ಒಲೆಯ ಮುಂದೆ, ಹೀರಾಬಾಯಿಗೆ. ನಾನು ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ಆಕೆಗೂ ಅದು ಗೊತ್ತಿತ್ತು.