ಮರಳಿನಂಚಿನಲ್ಲಿ ಶಾಲೆ ಎಬ್ಬಿಸಿದ ನೀಲಾವತಿ

ಸೂರ್ಯ ಇನ್ನೂ ಪೈನ್ ಮರಗಳ ಹಿಂದೆಯೇ ಇದ್ದಾನೆ. ನೀಲಾವತಿ ಮರಳಲ್ಲಿ ಮಂಡಿಯೂರಿ, ಕೀಟಗಳ ಎಣಿಕೆಗೆಂದು ಅಂಚಿನವರೆಗೂ ಹೂತಿಟ್ಟ ಪ್ಲಾಸ್ಟಿಕ್ ಲೋಟವನ್ನು ಮೆಲ್ಲಗೆ ಮೇಲೆತ್ತುತ್ತಾರೆ. ರಾತ್ರಿ ಅದರೊಳಗೆ ಬಿದ್ದ ಕಪ್ಪು ಜೀರುಂಡೆಯೊಂದು ಮೇಲೆ ಹತ್ತಲಾಗದೆ ಪರದಾಡುತ್ತಿದೆ. ಫೋನಿನಲ್ಲಿ ಅದರ ಚಿತ್ರ ತೆಗೆದು, ಲೋಟ ಓರೆ ಮಾಡಿ ಬಿಟ್ಟುಬಿಡುತ್ತಾರೆ. "ಬೇಗ ಬಿಡ್ಬೇಕು ಮಾರಾಯ್ರೆ. ಬಿಸಿಲೇರಿದ್ರೆ ಈ ಹೊಯಿಗೆ ದೋಸೆಕಾವಲಿ ಹಾಗೆ ಕಾಯ್ತದೆ. ಪಾಪ, ಒಳಗೇ ಬೆಂದು ಹೋಗ್ತವೆ."

ನೆದರ್‌ಲ್ಯಾಂಡ್ಸ್ ಎಂದರೆ ನೀರು, ಹುಲ್ಲು, ಹಸು ಎಂದುಕೊಂಡವರು ಈ ಜಾಗ ನೋಡಿ ಬೆರಗಾಗುತ್ತಾರೆ. ವಾಗೆನಿಂಗನ್‌ನಿಂದ ಉತ್ತರಕ್ಕೆ ಬಸ್ಸಿನಲ್ಲಿ ಬಂದರೆ ಕಾಡಿನ ನಡುವೆ ಗಾಳಿ ಬಂದತ್ತ ಸರಿದಾಡುವ ಮರಳ ಬಯಲು. ಊರವರಿಗೆ ಇದು 'ನಮ್ಮ ಮರುಭೂಮಿ'. ಅದರ ಅಂಚಿನಲ್ಲಿರುವ ಅರಣ್ಯ ಕಾವಲುಗಾರನ ಹಳೆಯ ಮನೆಯೇ ಈಗ ಪರಿಸರ ಅಧ್ಯಯನ ಕೇಂದ್ರ. ಸಂಶೋಧಕರು ಬರುತ್ತಾರೆ, ಪದವಿ ಪಡೆದು ಹೋಗುತ್ತಾರೆ. ನೀಲಾವತಿ ಮಾತ್ರ ಹನ್ನೊಂದು ವರ್ಷದಿಂದ ಇಲ್ಲೇ ಇದ್ದಾರೆ. ಸೈಕಲ್ಲಿನಲ್ಲಿ ಕುಡಿಯುವ ನೀರು ತರುವುದು, ಮರಳನ್ನು ಮುಚ್ಚಿಹಾಕಲು ಬರುವ ಪೈನ್ ಸಸಿಗಳನ್ನು ಕೀಳುವುದು, ಮಳೆಯಲ್ಲಿ ತೊಯ್ದು ಬಂದ ಹುಡುಗರಿಗೆ ಗಂಜಿ ಕಾಯಿಸುವುದು ಎಲ್ಲವೂ ಅವರದೇ.

ಪಡುಬಿದ್ರಿ ಕಡೆಯ ಮೀನುಗಾರರ ಮನೆಯ ಮಗಳು. ಓದಿದ್ದು ಏಳನೇ ತರಗತಿ. ಗಂಡ ಲತೀಶ್‌ಗೆ ಇಲ್ಲಿನ ಗಾಜಿನಮನೆ ತೋಟದಲ್ಲಿ ಕೆಲಸ ಸಿಕ್ಕಾಗ ಜೊತೆಗೆ ಬಂದರು. ಮೊದಲ ವರ್ಷಗಳು ಕಚೇರಿಗಳ ನೆಲ ಒರೆಸುವುದರಲ್ಲೇ ಕಳೆದವು; ಈ ಕೇಂದ್ರದ ಕೆಲಸ ಸಿಕ್ಕಿದ್ದು ಆಮೇಲೆ. "ಭಾಷೆ ಬರ್ತಿರ್ಲಿಲ್ಲ. ಅಂಗಡಿಯಲ್ಲಿ ಮೊಸರು ಅಂತ ಎಂತದೋ ತಂದು ಸಾರಿಗೆ ಹಾಕಿದೆ, ನೋಡಿದ್ರೆ ಸಿಹಿ ಕಸ್ಟರ್ಡ್! ಅವತ್ತು ಅತ್ತದ್ದೇ ಕೊನೆ. ಮರುದಿನವೇ ಡಚ್ ಕ್ಲಾಸಿಗೆ ಸೇರಿದೆ."

ಕೇಂದ್ರದಲ್ಲಿ ಇರುವುದು ಎರಡೇ ಕೋಣೆ. ಶಾಲಾ ಮಕ್ಕಳು ಬಂದರೆ ಅರ್ಧ ಮಂದಿ ಹೊರಗೆ ನಿಲ್ಲಬೇಕು. ಅದಕ್ಕೇ ಕೇಂದ್ರದ ಸಂಯೋಜಕಿ, ದಾವಣಗೆರೆಯ ಸುಪ್ರೀತಾ, ಒಂದು ತರಗತಿ ಕೋಣೆ, ಪ್ರಯೋಗಾಲಯ ಮತ್ತು ಮಲಗಲು ಒಂದು ಹಾಲ್ ಸೇರಿಸುವ ಯೋಜನೆ ಹಾಕಿದರು. ಊರವರು ಒಪ್ಪಲಿಲ್ಲ. ಗೆಮೆಂತೆಯಲ್ಲಿ, ಅಂದರೆ ಪುರಸಭೆಯಲ್ಲಿ, ನಡೆದ ಸಭೆಯಲ್ಲಿ ಗೆರಿಟ್ ಎಂಬ ನಿವೃತ್ತ ಬಡಗಿ ಎದ್ದು ನಿಂತು, "ನಮ್ಮ ಮರಳನ್ನು ಮುಟ್ಟಬೇಡಿ" ಎಂದು ಗುಡುಗಿದರು. ಸಭೆ ಚಪ್ಪಾಳೆ ತಟ್ಟಿತು. ತೀರ್ಮಾನ ಮುಂದೂಡಿದರು.

"ನಾನಂತೂ ಕೈಬಿಟ್ಟಿದ್ದೆ," ಎಂದು ಸುಪ್ರೀತಾ ಒಪ್ಪಿಕೊಳ್ಳುತ್ತಾರೆ. "ಪ್ರಾಜೆಕ್ಟ್ ಮುಗೀತು ಅಂದ್ಕೊಂಡೆ. ಆದ್ರೆ ನೀಲಾವತಿ ಅಕ್ಕ ಮರುದಿನ ಸೈಕಲ್ ಹತ್ತಿ ನೇರ ಗೆರಿಟ್ ಮನೆಗೇ ಹೋಗ್ಬಿಟ್ರು."

ಗೆರಿಟ್ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿದರು. "ನಾನು ಜಗಳಕ್ಕೆ ಬರ್ಲಿಲ್ಲ, ನಿಮಗೆ ಎಂತ ಬೇಜಾರು ಅಂತ ಕೇಳ್ಲಿಕ್ಕೆ ಬಂದೆ ಅಂದೆ," ಎಂದು ನೀಲಾವತಿ ನೆನೆಯುತ್ತಾರೆ. ಮುದುಕ ಒಳಗೆ ಕರೆಯಲಿಲ್ಲ. ಮೂರನೇ ಸಲ ಹೋದಾಗ ಕೋಟು ಹಾಕಿಕೊಂಡು ಹೊರಗೇ ಬಂದು, ಅವರನ್ನು ಮರಳ ಬಯಲಿಗೆ ಕರೆದೊಯ್ದು ಒಂದು ಕಾಲುದಾರಿ ತೋರಿಸಿದರು. ತೀರಿಹೋದ ಹೆಂಡತಿಯ ಜೊತೆ ದಿನಾ ಸಂಜೆ ನಡೆಯುತ್ತಿದ್ದ ದಾರಿ. ಹೊಸ ಕಟ್ಟಡ ನಕ್ಷೆಯಲ್ಲಿ ಕೂತಿದ್ದು ಸರಿಯಾಗಿ ಅದರ ಮೇಲೆ.

"ಅದನ್ನು ಮೊದಲೇ ಹೇಳಬಹುದಿತ್ತಲ್ಲ ಅಂದೆ. ಸಭೆಯಲ್ಲಿ ಅದನ್ನೆಲ್ಲ ಹೇಗೆ ಹೇಳಲಿ ಅಂದ್ರು. ಹೌದಲ್ಲ, ನಾನಾದ್ರೂ ಹೇಳ್ತಿದ್ದೆನಾ?"

ನೀಲಾವತಿ ಪಟ್ಟು ಹಿಡಿದರು. ದಾರಿ ಉಳಿಯದಿದ್ದರೆ ತನಗೂ ಆ ಕಟ್ಟಡ ಬೇಡ ಎಂದು ಸುಪ್ರೀತಾಗೆ ಖಡಾಖಂಡಿತ ಹೇಳಿದರು. ವಾದವಾಯಿತು, ಎರಡು ದಿನ ಮಾತು ಬಿಟ್ಟದ್ದೂ ಆಯಿತು. ಕೊನೆಗೆ ಮಲಗುವ ಹಾಲನ್ನು ಕೈಬಿಟ್ಟು, ತರಗತಿ ಕೋಣೆ ಮತ್ತು ಪ್ರಯೋಗಾಲಯವನ್ನು ಹಳೆಯ ಮನೆಯ ಹಿಂಬದಿಗೆ ಸರಿಸಿದರು. ಮುಂದಿನ ಸಭೆಯಲ್ಲಿ ಗೆರಿಟ್ ಮತ್ತೆ ಎದ್ದು ನಿಂತರು. ಈ ಸಲ ಒಂದೇ ಮಾತು: "ಕಟ್ಟಲಿ."

ಈಗ ಗೋಡೆಗಳು ಎದ್ದಿವೆ, ಚಾವಣಿ ಬಾಕಿ ಇದೆ. ಮಕ್ಕಳು ಕೂರುವ ಬೆಂಚುಗಳನ್ನು ಗೆರಿಟ್ ತಮ್ಮ ಶೆಡ್ಡಿನಲ್ಲಿ ಮಾಡುತ್ತಿದ್ದಾರೆ. ನೀಲಾವತಿಯ ಸೊಂಟನೋವು ಹೆಚ್ಚಿದೆ, ವೈದ್ಯರು ಸಸಿ ಕೀಳುವುದು ಸಾಕು ಎಂದಿದ್ದಾರೆ. "ಹೂಂ ಅಂದೆ. ಬಗ್ಗದೆ ಕೂತುಕೊಂಡು ಕೀಳ್ತೇನೆ," ಎಂದು ನಗುತ್ತಾರೆ.

ಮುಂದೆ ಏನು ಎಂದು ಕೇಳಿದರೆ ಕೈಗಂಟಿದ ಮರಳು ಕೊಡವಿ, ಅರ್ಧ ಎದ್ದ ಕಟ್ಟಡದತ್ತ ನೋಡುತ್ತಾರೆ.

"ಅಲ್ಲಿ ಮೊದಲ ಪಾಠ ನಾನೇ ಮಾಡುದು, ನನ್ನ ಹರಕು ಡಚ್ಚಲ್ಲೇ. ಸುಪ್ರೀತಾಗೆ ಹೇಳಿ ಆಗಿದೆ. ಕೇಳಿದ್ದಲ್ಲ, ಹೇಳಿದ್ದು."