ಅಜ್ಜಿ ರೋಗಿಯಾದ ದಿನ

ಫಿನಾಯಿಲ್ ವಾಸನೆಗೆ ಬಿಸಿ ಸಾಂಬಾರಿನ ವಾಸನೆ ಬೆರೆತು ಮೂಗಿಗೆ ಬಂದರೆ ಸಾಕು, ಸೇಲಂನ ಕನ್ನಡ ನೇಕಾರರ ಬೀದಿಯಲ್ಲಿದ್ದ ನಮ್ಮ ಮನೆ, ಮಗ್ಗದ ಮುಂದೆ ಕೂತ ಅಜ್ಜಿ, ಎಲ್ಲ ಕಣ್ಣಮುಂದೆ ಬರುತ್ತದೆ. ನಿಮಗೂ ಇಂಥದೊಂದು ಮನೆ ಇದ್ದಿರಬೇಕು. ಕಡಿದ ಎಳೆಯನ್ನು ಅಜ್ಜಿ ನೋಡುತ್ತಿರಲಿಲ್ಲ, ಬೆರಳಲ್ಲೇ ತಡವಿ ಗಂಟು ಹಾಕುತ್ತಿದ್ದಳು. ಎಂಥ ಕೈ ಅಂತ ನಾವು ಹೊಗಳಿದ್ದೇ ಹೊಗಳಿದ್ದು. ಕಣ್ಣು ಮಂಜಾಗಿದೆ ಅಂದರೆ ಮಗ್ಗದಿಂದ ಎಬ್ಬಿಸುತ್ತಾರೆಂದು ಮುದುಕಿ ಬಾಯಿ ಬಿಟ್ಟಿರಲಿಲ್ಲ, ನಮಗೆಲ್ಲಿ ಗೊತ್ತು!

ಊರಾಚೆ ತಗಡಿನ ಶೆಡ್ಡಿನಲ್ಲಿ ಪಾಲಿಟೆಕ್ನಿಕ್ ಆಗಿ ಶುರುವಾದ ಒಂದು ಖಾಸಗಿ ಕಾಲೇಜು ಆಗ ಆಸ್ಪತ್ರೆ ಕಟ್ಟಿ, ಯೂನಿವರ್ಸಿಟಿ ಆಗುವ ಹುರುಪಿನಲ್ಲಿತ್ತು. ಮೆಡಿಕಲ್ ಕಾಲೇಜಿಗೆ ಅನುಮತಿ ಕೊಡುವ ಮೊದಲು, ರೋಗಿಗಳಿದ್ದಾರೆಯೇ ಎಂದು ತಪಾಸಣೆಗೆ ಮೇಲಿನವರು ಬರುವ ದಿನ ಹಾಸಿಗೆಗಳೆಲ್ಲ ಖಾಲಿ! ನಮ್ಮ ಬೀದಿಗೆ ಬಸ್ಸು ಕಳಿಸಿದರು. ಒಂದು ದಿನ ಸುಮ್ಮನೆ ಮಲಗಿ, ಊಟ ನಮ್ಮದು ಅಂದರು. ಬೀದಿಗೆ ಬೀದಿಯೇ ಮದುವೆ ದಿಬ್ಬಣದ ಹಾಗೆ ಹತ್ತಿತು. ಹತ್ತು ವರ್ಷದ ನಾನೂ ಅಜ್ಜಿಯ ಸೆರಗು ಹಿಡಿದು ಹೋದೆ. ಅಜ್ಜಿಗೆ ಸಿಕ್ಕಿದ್ದು ಆಗಷ್ಟೇ ಫಿನಾಯಿಲ್ ಹಾಕಿ ಒರೆಸಿದ ಕಣ್ಣಿನ ವಾರ್ಡು, ನಮ್ಮ ಊಟದ ಸಾಂಬಾರಿನ ವಾಸನೆ ಅಲ್ಲಿಗೂ ಬರುತ್ತಿತ್ತು. ಪಕ್ಕದ ಹಾಸಿಗೆಯ ಚಿಕ್ಕಮ್ಮ ಹೊಟ್ಟೆ ಹಿಡಿದು ನರಳತೊಡಗಿದಳು. "ಲೇ, ಇದು ಕಣ್ಣಿನ ವಾರ್ಡು ಕಣೇ, ಒಟ್ಟೆ ಬಿಡು!" ಅಂತ ಅಜ್ಜಿ ಗದರಿದಳು. ಅಷ್ಟರಲ್ಲಿ ಕಾಲೇಜಿನ ಡಾಕ್ಟರಮ್ಮ ಬಂದು, ಬರೀ ಚೀಟಿ ತುಂಬಿಸುವ ಬದಲು, ಅಜ್ಜಿಯ ಕಣ್ಣಿಗೆ ನಿಜವಾಗಿಯೂ ಟಾರ್ಚ್ ಬಿಟ್ಟು ನೋಡುತ್ತಲೇ ನಿಂತರು. ಗುಟ್ಟು ರಟ್ಟಾಯಿತೆಂದು ಅಜ್ಜಿ ಹೆದರಿ ಕೂಗಿಕೊಂಡಳು: "ನನ್ಗೇನೂ ಇಲ್ಲ ತಾಯಿ! ಸುಮ್ನೆ ಮಲಗಿರು ಅಂತ ಬಸ್ನಾಗೆ ಕರ್ಕೊಂಡ್ಬಂದವ್ರೆ!" ತಪಾಸಣೆಯವರು ಬಾಗಿಲಲ್ಲೇ ಇದ್ದರು.

ಆ ವರ್ಷ ಅನುಮತಿ ಸಿಗಲಿಲ್ಲ, ಪೇಪರಿನಲ್ಲೂ ಬಂತು. ಉಂಡ ಮನೆಯ ಜಂತೆ ಎಣಿಸಿದಳು ಅಂತ ಬೀದಿಯವರು ಅಜ್ಜಿಯನ್ನು ಬೈದರು. ನಾಲ್ಕನೇ ದಿನ ಅದೇ ಡಾಕ್ಟರಮ್ಮ ಮನೆ ಹುಡುಕಿಕೊಂಡು ಬಂದಾಗ ಜಗಳಕ್ಕೇ ಬಂದರು ಅಂದುಕೊಂಡೆವು. "ಪಾಟ್ಟಿ, ಅಷ್ಟು ಜನರಲ್ಲಿ ನಿಜವಾದ ರೋಗಿ ನೀವೊಬ್ಬರೇ. ಎರಡೂ ಕಣ್ಣಿಗೆ ಪೊರೆ ಬಂದಿದೆ" ಅಂದರು ತಮಿಳಿನಲ್ಲಿ. ಅದೇ ವಾರ್ಡಿನಲ್ಲಿ ಪುಕ್ಕಟೆಯಾಗಿ ಆಪರೇಷನ್ ಮಾಡಿದರು.

ಈಗ ಅದು ದೊಡ್ಡ ಯೂನಿವರ್ಸಿಟಿ. ಧರ್ಮಪುರಿ, ಮೇಚೇರಿ ಕಡೆಯ ಕೂಲಿಯವರ ಮಕ್ಕಳೂ ಅಲ್ಲಿ ಡಾಕ್ಟರಾಗಿದ್ದಾರೆ. ನಾನೂ ಅಲ್ಲೇ ನರ್ಸಿಂಗ್ ಓದಿದೆ. ಸೀಟಿನ ಗಲಾಟೆ ಪೇಪರಿನಲ್ಲಿ ಬಂದಾಗ ಎಲ್ಲರ ಜೊತೆ ನಾನೂ ಬೈಯುತ್ತೇನೆ, ಬೈದ ಬಾಯಲ್ಲೇ ಹರಸುತ್ತೇನೆ. ಮಗ್ಗ ಹೋಯಿತು, ಮನೆ ಹೋಯಿತು, ಅಜ್ಜಿಯೂ ಹೋದಳು. ಆದರೆ ಅವಳ ಕಣ್ಣಿನ ಪಟ್ಟಿ ಬಿಚ್ಚಿದ ಬೆಳಿಗ್ಗೆ ನಾನು ಎದುರಿಗೇ ಇದ್ದೆ. ಅದಕ್ಕೂ ಎರಡು ವರ್ಷ ಮೊದಲು ಜಗಲಿಯಿಂದ ಬಿದ್ದು ನನ್ನ ಹಣೆ ಒಡೆದಿತ್ತು. ಅಜ್ಜಿ ಆ ಕಲೆಯನ್ನೇ ನೋಡಿದಳು. ಮುಟ್ಟಲಿಲ್ಲ, ಬರೀ ನೋಡಿದಳು.

"ಅವತ್ತು ಅರಿಸಿನ ಅಚ್ಚಿದ್ದು ನಾನೇ ಅಲ್ವೇನೇ ಮಗಾ," ಅಂದಳು, "ಗಾಯ ಇಷ್ಟುದ್ದ ಇತ್ತಾ?"