ಈರಪ್ಪನ ಮೊದಲ ಎಣ್ಣೆ

1985ರಲ್ಲಿ ನಾನು ಓದು ನಿಲ್ಲಿಸಿದೆ. ಏಳನೇ ಕ್ಲಾಸು. ಸಮಾಜ ಪಾಠದಲ್ಲಿ ಸಾಮ್ರಾಜ್ಯಗಳು ಹೇಗೆ ಎದ್ದವು ಎಂಬುದು ಮುಗಿದಿತ್ತು. ಹೇಗೆ ಬಿದ್ದವು ಎಂಬುದು ಮರುದಿನಕ್ಕೆ ಉಳಿದಿತ್ತು. ಆ ಮರುದಿನ ನಾನು ಕುರಿ ಹಿಂದೆ ಹೊರಟೆ. ಹಾಗಾಗಿ ಬಹಳ ವರ್ಷ ನನ್ನ ತಲೆಯಲ್ಲಿ ಯಾವ ಸಾಮ್ರಾಜ್ಯವೂ ಬಿದ್ದೇ ಇರಲಿಲ್ಲ. ರಾಜರೆಲ್ಲ ಮೀಸೆ ತಿರುವಿಕೊಂಡು ಹಾಗೇ ಕೂತಿದ್ದರು.

ಅದೂ ತಮಿಳು ಶಾಲೆ, ನಮ್ಮ ಊರಿರುವುದು ಗಡಿಯಾಚೆಯ ತಮಿಳು ಸೀಮೆಯಲ್ಲಿ. ಕನ್ನಡ ನಮಗೆ ಮನೆಯೊಳಗಿನ ಮಾತು, ಹಟ್ಟಿಯ ಮಾತು. ಅಕ್ಷರ ಕಲಿತದ್ದು ಆಮೇಲೆ, ಕುರಿ ಮಾರಲು ಕೊಳ್ಳೇಗಾಲದ ಕಡೆ ಸಂತೆಗೆ ಓಡಾಡುವಾಗ. ಬಸ್ಸಿನ ಬೋರ್ಡು ಓದಿ, ಅಂಗಡಿಯ ಬೋರ್ಡು ಓದಿ, ಬೋಂಡ ಕಟ್ಟಿಕೊಟ್ಟ ಕಾಗದ ಓದಿ ಕಲಿತೆ. ಯಾರೂ ಕಲಿಸಲಿಲ್ಲ, ನಾನೇ ಕಲಿತೆ. ಇದನ್ನು ಹೇಳಿಕೊಳ್ಳದಿದ್ದರೆ ನನಗೆ ಉಂಡದ್ದು ಅರಗುವುದಿಲ್ಲ. ಹೇಳಿಯಾಯಿತು, ಮುಂದಕ್ಕೆ ಹೋಗೋಣ.

ಇವತ್ತು ಬೆಳಗ್ಗೆ ಮಗಳು ಕವಿತಾಳನ್ನು ಬಸ್ಸಿಗೆ ಬಿಡಲು ಹೊರಟೆ. ಅವಳ ಬ್ಯಾಗನ್ನು ಗಾಡಿಯ ಮೇಲೆ ಇಡುವಾಗ ಒಳಗಿದ್ದ ಅಕ್ಕಿ ಹಿಟ್ಟಿನ ಪೊಟ್ಟಣ ಒಡೆದು ನನ್ನ ಅಂಗಿಯೆಲ್ಲ ಬೆಳ್ಳಗಾಯಿತು. ನೋಡಿದವರು ರಂಗೋಲಿಗೆ ಇಟ್ಟಿದ್ದು ಎಂದುಕೊಂಡಾರು. ಅಲ್ಲ ಸ್ವಾಮಿ, ಅದು ಅವಳ ಕಸುಬಿನ ಸಾಮಾನು. ಹಳೆಯ ಕಲ್ಲಿನ ಮೇಲೆ ಹಿಟ್ಟು ಸವರಿ ಒರೆಸಿದರೆ ಸವೆದ ಅಕ್ಷರ ಬೆಳ್ಳಗೆ ಎದ್ದು ಕಾಣುತ್ತದೆ. ಹಾಗೆ ಅವಳು ಓದಿದ ಮೊದಲ ಕಲ್ಲು ನಮ್ಮ ಈರಪ್ಪ. ಆ ದಿನ ನೆನೆದರೆ ಈಗಲೂ ನನಗೆ ಒಂದು ಕಡೆ ಕೂರಲು ಆಗುವುದಿಲ್ಲ. ನೀವಾದರೂ ಕೂತುಕೊಳ್ಳಿ, ಹೇಳುತ್ತೇನೆ.

ಕಂಬೈನಲ್ಲೂರಿನಿಂದ ನಮ್ಮ ಊರಿಗೆ ಬರುವ ದಾರಿಯಲ್ಲಿ, ನಮ್ಮ ಹೊಲದ ಅಂಚಿನ ಹೊಂಗೆ ಮರದ ಕೆಳಗೆ ಎದೆಯುದ್ದದ ಒಂದು ಕಲ್ಲಿದೆ. ಬಿಲ್ಲು ಹಿಡಿದ ಒಬ್ಬ ಆಳು, ಕಾಲ ಬಳಿ ದನಗಳು, ತಲೆಯ ಮೇಲೆ ಒಂದಿಷ್ಟು ಗೀಚು. ಅವನೇ ಈರಪ್ಪ. ಅವನು ನಮ್ಮ ಮೂಲಪುರುಷ, ಘಟ್ಟದ ಮೇಲ್ಗಡೆಯ ಕನ್ನಡ ದೊರೆಯ ದಂಡಿನ ಜೊತೆ ಇಳಿದು ಬಂದು ಈ ಸೀಮೆಯನ್ನೇ ಗೆದ್ದವನು ಎಂದು ನನ್ನ ತಾತ ಹೇಳಿದ್ದ. ಅವನಿಗೆ ಅವನ ತಾತ ಹೇಳಿದ್ದ. ಆದ್ದರಿಂದ ಪೊಂಗಲ್ ಮಾರನೆಯ ದಿನ, ದನಗಳ ಹಬ್ಬದಲ್ಲಿ, ಈರಪ್ಪನಿಗೆ ಮೊದಲ ಎಣ್ಣೆ ಹಚ್ಚುವುದು ನಮ್ಮ ಮನೆಯವರು. ಆಮೇಲೆ ಊರು.

ಊರಿನಲ್ಲಿ ಕನ್ನಡದ ಮನೆ ನಾಲ್ಕೇ ನಾಲ್ಕು. ರೇಷನ್ ಅಂಗಡಿ, ಬ್ಯಾಂಕು, ಆಸ್ಪತ್ರೆ, ಎಲ್ಲ ಕಡೆಯೂ ನಾವು ಸಾಲಿನಲ್ಲಿ ನಿಲ್ಲುವವರು. ಈರಪ್ಪನ ಮುಂದೆ ಮಾತ್ರ ಮೊದಲನೆಯವರು. ಅದರ ರುಚಿ ನಿಮಗೆ ಹೇಗೆ ಹೇಳಲಿ!

ಪಕ್ಕದ ಹೊಲದ ಚಿನ್ನಪ್ಪಣ್ಣ ತಮಿಳಿನವನು. ನನಗಿಂತ ಸ್ವಲ್ಪ ದೊಡ್ಡವನು. ನಮ್ಮ ಹಟ್ಟಿಯಲ್ಲೇ ಆಡಿ ಬೆಳೆದದ್ದರಿಂದ ನಮ್ಮ ಮಾತು ಆಡುತ್ತಾನೆ, ಬೈಗುಳಕ್ಕೆ ಮಾತ್ರ ತಮಿಳು. ಪ್ರತಿ ವರ್ಷ ನಾನು ಎಣ್ಣೆ ಬಟ್ಟಲು ಎತ್ತಿದಾಗ ಅವನು ತಪ್ಪದೆ ಕೇಳುತ್ತಿದ್ದ:

"ಏನಪ್ಪಾ, ನಿಮ್ ತಾತ ಗೆದ್ದ ಸೀಮೆ ಎಲ್ಲೋಯ್ತು? ಒಂದೂವರೆ ಎಕರೆ ತಾನೆ ಕಾಣ್ತೈತೆ?"

"ಮಿಕ್ಕಿದ್ದು ನಿಮ್ಗೆ ದಾನ ಕೊಟ್ವಿ, ಓಗಣ್ಣ!"

ಕವಿತಾ ಸೇಲಂ ಕಾಲೇಜಿನಲ್ಲಿ ಚರಿತ್ರೆ ತೆಗೆದುಕೊಂಡಾಗ ನೆಂಟರೆಲ್ಲ ಮೂಗು ಮುರಿದರು. ನಾನು ಮಾತ್ರ ಕುಣಿದೆ. ನಾನು ಬಿಟ್ಟ ಪುಟದಿಂದ ಅವಳು ಮುಂದಕ್ಕೆ ಓದುತ್ತಾಳಲ್ಲ! ಒಂದು ಭಾನುವಾರ ನನ್ನನ್ನು ತಾರಮಂಗಲದ ಗುಡಿಗೆ ಕರೆದೊಯ್ದಳು. ಅಲ್ಲಿ ಕಂಬದಲ್ಲೇ ಕಡೆದ ಕುದುರೆಗಳು ಮುಂಗಾಲೆತ್ತಿ ನಿಂತಿವೆ. ನಾನು ಕುರಿ ಮಾರಲು ಹೋದಾಗ ಎಷ್ಟೋ ಸಲ ಆ ಕಂಬಕ್ಕೆ ಒರಗಿ ಬೀಡಿ ಹುಡುಕಿಕೊಂಡು ಎದ್ದು ಹೋದವನು.

"ಅಪ್ಪಾ, ಈ ಕುದ್ರೆ ನಮ್ ಸೀಮೇದಲ್ಲ, ತೆರಿಯುಮಾ, ಗೊತ್ತಾ? ಕಡಲು ದಾಟಿ ಹಡಗಲ್ಲಿ ಬಂದಿದ್ದು. ಯಾಪಾರದೋನು ತಂದ, ದೊರೆ ಕೊಂಡ್ಕೊಂಡ, ಅದ್ರ ಮ್ಯಾಲೆ ಕುಂತು ಯುದ್ಧ ಗೆದ್ದ. ಗೆದ್ದಿದ್ರಲ್ಲಿ ಗುಡಿ ಕಟ್ಸಿ, ಕಂಬದಲ್ಲೂ ಕುದ್ರೆ ನಿಲ್ಲಿಸ್ದ. ಮೂರೂ ಒಂದೇ ಕಲ್ಲಲ್ಲಿ ಐತೆ ನೋಡು."

ನನಗೆ ಮೈಯೆಲ್ಲ ಜುಂ ಎಂದಿತು. ದೊರೆ, ವ್ಯಾಪಾರ, ದೇವರು! ಆಸೆ ತಡೆಯದೆ ಕೇಳಿದೆ: "ಅಂಗಾದ್ರೆ ನಮ್ ಈರಪ್ಪನ ಕಲ್ಲೂ ಓದ್ತೀಯಾ?"

"ವಟ್ಟೆಳುತ್ತು ಅಂತ ತಮಿಳಿನ ಹಳೇ ಅಕ್ಸರ ಅದು. ಈಗ ಕಲೀತಾ ಇದೀನಿ. ಓದ್ಬೋದಪ್ಪಾ."

ಅಷ್ಟು ಸಾಕಾಯಿತು. ದನಗಳ ಹಬ್ಬಕ್ಕೆ ಮನೆಮನೆಗೂ ಹೋಗಿ ಕರೆದೆ: ನನ್ನ ಮಗಳು ಈರಪ್ಪನನ್ನು ಓದುತ್ತಾಳೆ, ಬನ್ನಿ! ಕೊಂಬಿಗೆ ಬಣ್ಣ ಹಚ್ಚಿದ ಎತ್ತುಗಳ ಜೊತೆ ಅರ್ಧ ಊರೇ ಹೊಂಗೆ ಮರದ ಕೆಳಗೆ ಸೇರಿತು. ಕವಿತಾ ಬಿಸಿನೀರು, ಸೀಗೆಪುಡಿ ಹಾಕಿ ಕಲ್ಲು ತಿಕ್ಕಿ ಜಿಡ್ಡು ತೆಗೆದಳು. ಕಲ್ಲು ಒಣಗಿದ ಮೇಲೆ ಹಿಟ್ಟು ಸವರಿದಳು.

"ಅಯ್ಯೋ, ದೇವ್ರಿಗೆ ಪೌಡ್ರು ಆಕ್ತಾವ್ಳೆ ನೋಡ್ಲಾ!" ಎಂದಳು ಬೇರಿನ ಮೇಲೆ ಕೂತಿದ್ದ ನನ್ನ ಅವ್ವ.

ಅಕ್ಷರಗಳು ಒಂದೊಂದಾಗಿ ಎದ್ದವು. ಸಾವಿರ ವರ್ಷಕ್ಕೂ ಮೇಲೆ ಬಾಯಿ ಮುಚ್ಚಿಕೊಂಡಿದ್ದವನು ಈಗ ನನ್ನ ಮಗಳ ಬಾಯಲ್ಲಿ ಮಾತಾಡುತ್ತಾನೆ! ಕವಿತಾ ಬೆರಳಿಟ್ಟು ಓದುತ್ತಾ ಹೋದಳು. ನಿಂತಳು. ನನ್ನ ಮುಖ ನೋಡಿದಳು.

"ಅಪ್ಪಾ, ಮನೇಗ್ ಓಗಿ ಏಳ್ತೀನಿ."

"ಯಾಕೆ? ಇಲ್ಲೇ ಏಳವ್ವ, ಜೋರಾಗ್ ಏಳು! ಎಲ್ರೂ ಕೇಳ್ಲಿ."

"ಬೇಡಪ್ಪಾ."

"ಏಳು ಅಂದ್ನಲ್ಲ!"

ಹೇಳಿದಳು, ಎಲ್ಲರಿಗೂ ತಿಳಿಯಲಿ ಎಂದು ತಮಿಳಿನಲ್ಲಿ. ಮೇಲ್ಗಡೆಯಿಂದ ಗಂಗರ ದಂಡು ಬಂದು ಈ ಊರಿನ ದನಗಳನ್ನು ಹೊಡೆದುಕೊಂಡು ಹೋಯಿತಂತೆ. ಈ ಊರಿನ ಒಬ್ಬ ಆಳು ಬೆನ್ನಟ್ಟಿ, ದನ ಬಿಡಿಸಿ, ತಾನು ಸತ್ತನಂತೆ. ಊರಿನವರು ಕಲ್ಲು ನಿಲ್ಲಿಸಿದರಂತೆ. ಹೆಸರಿದ್ದ ಜಾಗದಲ್ಲಿ ಕಲ್ಲು ಚಕ್ಕೆ ಎದ್ದು ಹೋಗಿದೆ.

ಅಂದರೆ, ನಾವು ಕನ್ನಡ ದೊರೆಯ ದಂಡಿನ ಜೊತೆ ಬಂದವರಾದರೆ, ಕಲ್ಲಿನಲ್ಲಿ ನಿಂತಿರುವವನು ನಾವು ಕೊಂದವನು!

"ಅಡಡಾ!" ಚಿನ್ನಪ್ಪಣ್ಣ ತೊಡೆ ತಟ್ಟಿದ. "ಕದ್ದೋರೂ ನೀವೇ, ಕೊಂದೋರೂ ನೀವೇ, ಮೊದ್ಲು ಎಣ್ಣೆ ಅಚ್ಚೋರೂ ನೀವೇನಾ?"

ಊರು ಗೊಳ್ಳೆಂದಿತು. ನನ್ನ ಕಿವಿ ಸುಟ್ಟುಹೋಯಿತು. "ದಂಡು ಬೇರೆ, ನಾವು ಬೇರೆ ಕಣಣ್ಣ" ಎಂದೆ.

"ಓದ ವರ್ಸ ಅಂಗೇಳ್ಲಿಲ್ವಲ್ಲಪ್ಪಾ!"

ನಗು ಇನ್ನೂ ಜೋರಾಯಿತು. ಎಣ್ಣೆ ಬಟ್ಟಲು ನನ್ನ ಕೈಯಲ್ಲೇ ಇತ್ತು. ಹಚ್ಚಿದರೆ ನಾಚಿಕೆ, ಹಚ್ಚದಿದ್ದರೆ ನಮ್ಮ ತಾತಂದಿರ ಮರ್ಯಾದೆ ಅಲ್ಲಿಗೆ ಮುಗಿಯಿತು. ಆಗ ಅವ್ವ ಬಾಯಿಬಿಟ್ಟಳು.

"ಯಾಕ್ಲಾ ಮಕ ಇಂಗ್ ಮಾಡ್ಕಂಡೆ? ದನ ಬಾಚ್ಕಂಡ್ ಓಗೋನು ದೊರೆ ಕಡೆಯೋನು. ಅದ್ರ ಇಂದೆ ಓಡಿ ಜೀವ ಬಿಡೋನು ನಮ್ಮಂತೋನು. ನಿಮ್ಮಪ್ಪ ತೋಳದ ಇಂದೆ ಓಡುವಾಗ ಕುರಿ ಯಾವ ಮನೇದು, ಯಾವ ಮಾತಿಂದು ಅಂತ ಕೇಳ್ಕಂಡು ಓಡಿದ್ನಾ?"

ನಾನು ಬಟ್ಟಲನ್ನು ಚಿನ್ನಪ್ಪಣ್ಣನ ಮುಂದೆ ಹಿಡಿದೆ. ಎದೆಯಲ್ಲಿ ಚುರ್ ಎಂದಿತು, ಸುಳ್ಳು ಹೇಳುವುದಿಲ್ಲ.

"ತಗಣ್ಣ. ಈ ವರ್ಸ ಮೊದ್ಲು ನೀನು."

ಅವನು ಪಂಚೆಗೆ ಕೈ ಒರೆಸಿಕೊಂಡ. ಮತ್ತೆ ಒರೆಸಿಕೊಂಡ. "ಏಯ್, ನಾನ್ ತಮಾಸೆಗಂದೆ ಕಣಪ್ಪಾ... ಎಲ್ಲಿಂದ ಅಚ್ಬೇಕು ಅಂತಾನೂ ನಂಗೆ ತಿಳೀದು."

"ತಲೆಯಿಂದ. ಅಂಗೇ ಎದೇಗ್ ಬಾ."

ಅವನು ಎರಡು ಕೈಯಲ್ಲೂ ಎಣ್ಣೆ ತೆಗೆದುಕೊಂಡು ಮಗುವಿಗೆ ಹಚ್ಚುವ ಹಾಗೆ ಹಚ್ಚಿದ. ಬಿಳಿಯ ಅಕ್ಷರಗಳು ಅವನ ಅಂಗೈ ಕೆಳಗೆ ಮತ್ತೆ ಕಪ್ಪಗಾದವು. ತಿರುಗಿ, "ಸರಿ ತಾನೆ?" ಎಂದ. ಅವನ ಕಣ್ಣು ಒದ್ದೆಯಾಗಿತ್ತು. "ಬರೋ ವರ್ಸ ನೀನೇ ಅಚ್ಚು. ಅದ್ರ ಮುಂದಿನ ವರ್ಸ ನಾನು."

ಅಂದಿನಿಂದ ಕುರಿ ಹಿಂದೆ ನಡೆಯುವಾಗಲೆಲ್ಲ ನನ್ನ ತಲೆ ಓಡುವುದು ಅದೇ ದಾರಿಯಲ್ಲಿ. ಸಾಮ್ರಾಜ್ಯ ಎಂದರೆ ದೂರದ ಅರಮನೆ ಎಂದುಕೊಂಡಿದ್ದೆ. ಅದು ನಮ್ಮ ಹಟ್ಟಿಗೇ ಬಂದು ಹೋಗಿತ್ತು! ಆಗ ದನವೇ ಐಶ್ವರ್ಯ, ದನ ಹೊಡೆದವನೇ ದೊರೆ. ದಂಡಿನ ಹೊಟ್ಟೆ ತುಂಬಬೇಕು, ಕುದುರೆ ಕೊಳ್ಳಬೇಕು, ಗುಡಿ ಕಟ್ಟಬೇಕು. ಎಲ್ಲಕ್ಕೂ ಯಾರದೋ ಕೊಟ್ಟಿಗೆ ಬರಿದಾಗಬೇಕು. ದೊರೆ ತನ್ನ ದೇವರಿಗೆ ದೊಡ್ಡ ಗುಡಿ ಕಟ್ಟಿದ. ಕೊಟ್ಟಿಗೆಯವರು ಸತ್ತವನನ್ನೇ ದೇವರು ಮಾಡಿಕೊಂಡರು. ಗಂಗರು ಹೋದರು, ಅವರ ಮೇಲೆ ಬಂದವರೂ ಹೋದರು. ಈರಪ್ಪನಿಗೆ ಎಣ್ಣೆ ತಪ್ಪಲಿಲ್ಲ. ಇದನ್ನು ನೆನೆದಾಗ ಕೂಗಬೇಕು ಎನಿಸುತ್ತದೆ. ಕೂಗಿದ್ದೂ ಉಂಟು, ಕುರಿಗಳು ಬೆದರಿ ಚೆದುರಿದ್ದೂ ಉಂಟು.

ನಾವು ಯಾವಾಗ, ಯಾರ ಹಿಂದೆ ಇಲ್ಲಿಗೆ ಬಂದೆವೋ ಕವಿತಾಳಿಗೂ ಗೊತ್ತಿಲ್ಲ. ಹುಡುಕುತ್ತೇನೆ ಎನ್ನುತ್ತಾಳೆ. ಹುಡುಕಲಿ. ಯಾರ ಮನೆಯ ಕಲ್ಲು ಏನು ಹೇಳಿದರೂ ಮುಚ್ಚಿಡದೆ ಜೋರಾಗಿ ಓದು ಎಂದು ಬಸ್ಸು ಹತ್ತಿಸುವಾಗ ಹೇಳಿದೆ.

ಈಗ ನನಗಿರುವುದು ಇಷ್ಟು: ಐವತ್ತೆಂಟು ಕುರಿ, ಒಂದೂವರೆ ಎಕರೆ, ಒಂದು ಬೋರು, ಒಂದು ಹಳೆಯ ಗಾಡಿ, ಎರಡು ಭಾಷೆ, ಎಂಬತ್ತು ದಾಟಿದ ಅವ್ವ, ಕಲ್ಲು ಓದುವ ಮಗಳು ಒಬ್ಬಳು, ದಾರಿಯಲ್ಲಿ ಕಂಡರೆ "ಏನಪ್ಪಾ ಕಳ್ಳಾ" ಎನ್ನುವ ಅಣ್ಣ ಒಬ್ಬ, ವರ್ಷ ಬಿಟ್ಟು ವರ್ಷ ಈರಪ್ಪನ ಮೊದಲ ಎಣ್ಣೆ.